ದತ್ತು ತಂದ ನಾಯಿ ಮಂಚದ ಕೆಳಗೇ ಅಡಗಿದೆಯೇ? ಎಳೆದು ಹೊರಗೆ ತರಬೇಡಿ

ಬೀದಿಯಲ್ಲಿ ಸಿಕ್ಕಿದ ನಾಯಿಯನ್ನೋ ಆಶ್ರಯ ಕೇಂದ್ರದ ನಾಯಿಯನ್ನೋ ಮನೆಗೆ ತಂದವರಿಗೆ ಮೊದಲ ದಿನ ನಿರಾಸೆಯಾಗುವುದು ಸಾಮಾನ್ಯ. ಬಾಲ ಅಲ್ಲಾಡಿಸುತ್ತಾ ಓಡಾಡುತ್ತದೆ ಎಂದುಕೊಂಡ ನಾಯಿ ಮಂಚದ ಕೆಳಗೆ ಮುದುರಿ ಕೂರುತ್ತದೆ. ಊಟ ಮುಟ್ಟುವುದಿಲ್ಲ. ಕೈ ಚಾಚಿದರೆ ಗುರ್ ಎನ್ನುತ್ತದೆ. ಆಗ ವಾಟ್ಸಾಪ್ ಗ್ರೂಪಿನಲ್ಲಿ ತಲೆಗೊಂದು ಸಲಹೆ ಬರುತ್ತದೆ. ಅವುಗಳಲ್ಲಿ ಕೆಲವು ನಾಯಿಯ ಭಯವನ್ನು ಹೆಚ್ಚಿಸುತ್ತವೆ, ಕೆಲವು ನಿಮಗೇ ಅಪಾಯ ತರುತ್ತವೆ.

ಅಷ್ಟೊಂದು ಭಯ ಯಾಕೆ?

ನಾಯಿಮರಿಗಳು ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಲೋಕವನ್ನು ಪರಿಚಯ ಮಾಡಿಕೊಳ್ಳುತ್ತವೆ. ಆ ವಯಸ್ಸಿನಲ್ಲಿ ಕಂಡು ಕೇಳಿದ್ದೆಲ್ಲ ಅವುಗಳಿಗೆ ಸಹಜ ಅನ್ನಿಸುತ್ತದೆ. ಆಗ ಕಾಣದ ಸಂಗತಿಗಳ ಬಗ್ಗೆ ಮುಂದೆ ಅನುಮಾನ ಉಳಿಯಬಹುದು. ಬಸ್ಸು, ಬೈಕುಗಳ ನಡುವೆ ಆರಾಮವಾಗಿ ಮಲಗುವ ಬೀದಿನಾಯಿಯೂ ಕುಕ್ಕರ್ ಸೀಟಿ, ಮಿಕ್ಸಿ ಸದ್ದು, ಜಾರುವ ಟೈಲ್ಸ್, ಲಿಫ್ಟ್ ಕಂಡು ನಡುಗುವುದು ಇದಕ್ಕೇ. ಮೇಲಾಗಿ ಬೀದಿಯಲ್ಲಿ ಭಯವಾದರೆ ಓಡಿಹೋಗಬಹುದಿತ್ತು. ಬಾಗಿಲು ಹಾಕಿದ ಮನೆಯಲ್ಲಿ ಅದಕ್ಕೆ ಉಳಿದಿರುವುದು ಅಡಗುವುದೊಂದೇ ದಾರಿ.

ನಂಬಿಕೆ 1: ಯಜಮಾನ ಯಾರೆಂದು ತೋರಿಸಬೇಕು

ವಾಸ್ತವ: ಈ ಮಾತಿನ ಮೂಲ ತೋಳಗಳ ಅಧ್ಯಯನದಲ್ಲಿದೆ. ಕೂಡಿಹಾಕಿದ ತೋಳಗಳ ಕಾದಾಟ ನೋಡಿ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ವಿವರಣೆಯಿಂದ ‘ಆಲ್ಫಾ’ ಎಂಬ ಕಲ್ಪನೆ ಹಬ್ಬಿತು. ತೋಳಗಳ ಬಗ್ಗೆ 1970ರಲ್ಲಿ ಪುಸ್ತಕ ಬರೆದು ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಕುಟುಂಬ. ಹೆದರಿದ ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಅದು ಗೌರವ ಕಲಿಯುವುದಿಲ್ಲ. ನಿಮ್ಮ ಕೈ ಅಪಾಯಕಾರಿ ಎಂಬುದನ್ನು ಕಲಿಯುತ್ತದೆ.

ನಂಬಿಕೆ 2: ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ

ವಾಸ್ತವ: ಭಯ ಒಂದು ಭಾವನೆ, ಬಹುಮಾನದ ಆಸೆಗೆ ಮಾಡುವ ನಾಟಕವಲ್ಲ. ಪಟಾಕಿ ಸದ್ದಿಗೆ ನಡುಗುವ ನಾಯಿ ನಿಮ್ಮ ಹತ್ತಿರ ಬಂದರೆ ಮೆಲ್ಲಗೆ ಸವರಿ, ಮೆಲುದನಿಯಲ್ಲಿ ಮಾತಾಡಿಸಿ. ಆದರೆ ಹತ್ತಿರ ಬರುವ ತೀರ್ಮಾನ ನಾಯಿಯದ್ದೇ ಆಗಿರಲಿ. ದೂರ ಕೂತ ನಾಯಿಯನ್ನು ಎತ್ತಿ ಅಪ್ಪಿಕೊಂಡರೆ ಅದಕ್ಕೆ ಸಮಾಧಾನವಾಗುವುದಿಲ್ಲ, ಸಿಕ್ಕಿಬಿದ್ದಂತಾಗುತ್ತದೆ.

ನಂಬಿಕೆ 3: ಗುರ್ ಎಂದರೆ ತಕ್ಷಣ ಗದರಿಸಬೇಕು

ವಾಸ್ತವ: ಗುರ್ ಎನ್ನುವುದು ‘ದೂರ ಇರು’ ಎಂಬ ಎಚ್ಚರಿಕೆ. ಗದರಿಸಿದರೆ ಸದ್ದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ನೇರವಾಗಿ ಕಚ್ಚಬಹುದು. ಗುರ್ ಎನ್ನುವ ಮೊದಲೂ ನಾಯಿ ಹಲವು ಸೂಚನೆ ಕೊಡುತ್ತದೆ: ಬಾಲ ಹೊಟ್ಟೆಯಡಿ ಸೇರಿಸುವುದು, ಊಟವಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಓರೆಗಣ್ಣಲ್ಲಿ ನೋಡುವುದು. ಇವು ಕಂಡರೆ ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ.

ನಂಬಿಕೆ 4: 3 ದಿನ, 3 ವಾರ, 3 ತಿಂಗಳಲ್ಲಿ ಸರಿಹೋಗುತ್ತದೆ

ವಾಸ್ತವ: ತಾಳ್ಮೆ ಇರಲಿ ಎಂದು ನೆನಪಿಸಲು ಹೇಳುವ ಅಂದಾಜು ಲೆಕ್ಕ ಇದು, ವೈಜ್ಞಾನಿಕ ನಿಯಮವಲ್ಲ. ಕೆಲವು ನಾಯಿಗಳು ವಾರದಲ್ಲಿ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ವರ್ಷ ಬೇಕು. ತಿಂಗಳು ಮೂರಾಯಿತು ಎಂದು ವಾಪಸ್ ಬಿಟ್ಟುಬರಬೇಡಿ.

ಹಾಗಾದರೆ ಏನು ಮಾಡಬೇಕು?

• ಓಡಾಟ ಕಡಿಮೆ ಇರುವ ಮೂಲೆಯಲ್ಲಿ ಹಳೆಯ ಚಾದರ, ನೀರು ಇಡಿ. ಅಲ್ಲಿಗೆ ಮಕ್ಕಳು, ನೆಂಟರು ಯಾರೂ ಹೋಗದಿರಲಿ.
• ಊಟ, ವಾಕಿಂಗ್ ದಿನವೂ ಒಂದೇ ಹೊತ್ತಿಗೆ ಆಗಲಿ. ಮುಂದೇನು ಎಂದು ಗೊತ್ತಾದರೆ ಆತಂಕ ಇಳಿಯುತ್ತದೆ.
• ಸ್ವಲ್ಪ ದೂರದಲ್ಲಿ, ನಾಯಿಗೆ ಪಕ್ಕ ಮಾಡಿ ನೆಲದ ಮೇಲೆ ಕೂತು ನಿಮ್ಮ ಕೆಲಸ ನೋಡಿಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಆಗಾಗ ಒಂದು ತಿನಿಸನ್ನು ಅದರತ್ತ ಉರುಳಿಸಿ.
• ಮನೆಯ ಸದ್ದಿಗೆ ರುಚಿಯ ನಂಟು ಬೆಸೆಯಿರಿ. ಮಿಕ್ಸಿ ಸದ್ದು ದೂರದ ಕೋಣೆಯಿಂದ ಕೇಳಿದ ತಕ್ಷಣ ಬೇಯಿಸಿದ ಕೋಳಿಯ ಚೂರು ಕೊಡಿ. ಉಪ್ಪು, ಖಾರ, ಈರುಳ್ಳಿ, ಮೂಳೆ ಬೇಡ. ಮೊದಲು ಸದ್ದು, ಆಮೇಲೆ ತಿನಿಸು. ಕ್ರಮ ತಿರುವು ಮುರುವಾದರೆ ತಿನಿಸು ಕಂಡರೂ ಹೆದರಬಹುದು. ಇಷ್ಟದ ತಿನಿಸನ್ನೂ ಮುಟ್ಟದಿದ್ದರೆ ಸದ್ದು ಇನ್ನೂ ಜಾಸ್ತಿಯಿದೆ ಎಂದರ್ಥ.
• ಹೊರಗೆ ಹೋಗುವಾಗ ಕತ್ತಿನ ಬೆಲ್ಟ್ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಓಡುತ್ತದೆ. ಎದೆಗೆ ಕಟ್ಟುವ, ಅಳತೆಗೆ ಸರಿಯಾದ ಹಾರ್ನೆಸ್ ಹಾಕಿ. ಗೇಟು, ಬಾಗಿಲು ಭದ್ರವಿರಲಿ.

ಪಶುವೈದ್ಯರ ಬಳಿ ಯಾವಾಗ?

ಮನೆಗೆ ತಂದ ಮೊದಲ ದಿನಗಳಲ್ಲೇ ಒಮ್ಮೆ ತೋರಿಸಿ, ರೇಬೀಸ್ ಲಸಿಕೆ ಹಾಕಿಸಿ. ಮೂಲೆ ಸೇರಿದ ನಾಯಿಗೆ ಭಯವೇ ಇರಬೇಕೆಂದಿಲ್ಲ. ನೋವು ಅಥವಾ ಉಣ್ಣೆಗಳಿಂದ ಬರುವ ಟಿಕ್ ಫೀವರ್ ಕೂಡ ಇರಬಹುದು. ಒಂದು ದಿನ ದಾಟಿದರೂ ಏನೂ ತಿನ್ನದಿದ್ದರೆ, ನೀರು ಬಿಟ್ಟರೆ, ವಾಂತಿ ಮಾಡಿದರೆ ಕಾಯಬೇಡಿ. ತೀವ್ರ ಆತಂಕಕ್ಕೆ ಅವರು ಔಷಧಿ ಕೊಡಬಲ್ಲರು. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ನೀವೇ ಕೊಡಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಸಮಯಕ್ಕೆ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು.

ಒಟ್ಟಿನಲ್ಲಿ: ಅಡಗಿ ಕೂತ ನಾಯಿ ಹಠ ಮಾಡುತ್ತಿಲ್ಲ, ಕೃತಘ್ನವೂ ಅಲ್ಲ. ಜಾಗ ಸುರಕ್ಷಿತವೇ ಎಂದು ನೋಡುತ್ತಿದೆ. ಅದು ತಾನಾಗಿ ಹೊರಗೆ ಬರುವವರೆಗೆ ಕಾಯಿರಿ. ‘ಎರಡೇಟು ಕೊಟ್ಟರೆ ಸರಿಹೋಗುತ್ತದೆ’ ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ.