ನಾಯಿಯ ಕೊರಳಿನ ಗಂಟು: ಉಣುಗಿನ ಜ್ವರವೋ, ಲಿಂಫೋಮಾವೋ?

ತೋಟದ ಮನೆಯ ನಾಯಿಗೆ ದವಡೆಯ ಕೆಳಗೆ ಗಂಟು ಕಾಣಿಸಿದರೆ ನಮ್ಮಲ್ಲಿ ಬಹುಮಂದಿ ಮೊದಲು ಉಣುಗು ಹುಡುಕುತ್ತಾರೆ. ತಪ್ಪೇನಲ್ಲ. ಮಲೆನಾಡಿನ ನಾಯಿಗಳಲ್ಲಿ ಉಣುಗಿನಿಂದ ಬರುವ ಜ್ವರ ಸಾಮಾನ್ಯ. ಅದರಲ್ಲಿಯೂ ದುಗ್ಧಗ್ರಂಥಿಗಳು ಊದುತ್ತವೆ, ಗುಲ್ಮ ದೊಡ್ಡದಾಗುತ್ತದೆ. ಆದರೆ ಇವೇ ಲಕ್ಷಣಗಳನ್ನು ತೋರುವ ಇನ್ನೊಂದು ಕಾಯಿಲೆ ಲಿಂಫೋಮಾ, ಅಂದರೆ ದುಗ್ಧಕಣಗಳ ಕ್ಯಾನ್ಸರ್. ಎರಡಕ್ಕೂ ಔಷಧಿ ಬೇರೆ ಬೇರೆ.

ಲಿಂಫೋಮಾದ ಸಾಮಾನ್ಯ ಬಗೆಯಲ್ಲಿ ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ, ಬಹುಮಟ್ಟಿಗೆ ಎರಡೂ ಪಕ್ಕಗಳಲ್ಲಿ ಗಂಟು ಬೆಳೆಯುತ್ತದೆ. ಮುಟ್ಟಿದರೆ ಗಟ್ಟಿ, ನೋವು ಸಾಮಾನ್ಯವಾಗಿ ಇರುವುದಿಲ್ಲ. ನಾಯಿ ಉಂಡುಕೊಂಡು ಓಡಾಡಿಕೊಂಡಿರುವುದರಿಂದ ಮನೆಯವರು ಉದಾಸೀನ ಮಾಡುವುದುಂಟು. ಕೆಲವು ನಾಯಿಗಳು ವಿಪರೀತ ನೀರು ಕುಡಿಯತೊಡಗುತ್ತವೆ. ರಕ್ತದಲ್ಲಿ ಸುಣ್ಣದ ಅಂಶ ಏರಿರುವುದು ಇದಕ್ಕೆ ಕಾರಣವಿರಬಹುದು.

ವೈದ್ಯರು ರಕ್ತಪರೀಕ್ಷೆಯ ಜೊತೆಗೆ ಸಣ್ಣ ಸೂಜಿಯಿಂದ ಗ್ರಂಥಿಯ ಕಣಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಲ್ಲು, ಒಸಡಿನ ಸೋಂಕಿಗೂ ದವಡೆಯ ಗ್ರಂಥಿ ಊದುವುದರಿಂದ ಮಂಡಿಯ ಹಿಂದಿನ ಗ್ರಂಥಿಯೇ ಇದಕ್ಕೆ ಲೇಸು.

ಹೊಟ್ಟೆಯೊಳಗಿನ ಸಂಗತಿ ತಿಳಿಯಲು ಅಲ್ಟ್ರಾಸೌಂಡ್ ಬೇಕು. ಕೂದಲು ಬೋಳಿಸಿ ಜೆಲ್ ಹಚ್ಚಿ ನೋಡುತ್ತಾರೆ, ನಾಯಿಗೆ ನೋವಿಲ್ಲ. ಆರೋಗ್ಯವಾದ ಗ್ರಂಥಿ ಉದ್ದಕ್ಕೆ ಚಪ್ಪಟೆಯಾಗಿರುತ್ತದೆ. ರೋಗ ತಗುಲಿದ್ದು ಊದಿ ಗುಂಡಗಾಗಿ, ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಗುಲ್ಮವಂತೂ ಕೆಲವೊಮ್ಮೆ ಕಾಯಿಕೊರಕ ತಿಂದ ಕಾಫಿ ಬೀಜದ ಹಾಗೆ ತೂತು ತೂತಾಗಿ ತೋರುತ್ತದೆ. ಇಷ್ಟಾದರೂ ಚಿತ್ರ ಬರಿಯ ಅನುಮಾನವನ್ನು ಹೇಳುತ್ತದೆಯೇ ಹೊರತು ರೋಗದ ಹೆಸರನ್ನು ಹೇಳುವುದಿಲ್ಲ. ಚಿತ್ರ ಸರಿಯಾಗಿದ್ದರೆ ರೋಗವಿಲ್ಲವೆಂದೂ ಅಲ್ಲ. ಸೂಜಿ ಎಲ್ಲಿಗೆ ಹೋಗಬೇಕೆಂದು ದಾರಿ ತೋರಿಸುವುದೇ ಅದರ ದೊಡ್ಡ ಉಪಕಾರ.

ಸೂಜಿಯಲ್ಲಿ ತೀರ್ಮಾನವಾಗದಿದ್ದರೆ, ಅಥವಾ ರೋಗದ ಬಗೆ ತಿಳಿಯಬೇಕಾದರೆ, ಬಯಾಪ್ಸಿ. ಅರಿವಳಿಕೆ ಕೊಟ್ಟು ಇಡೀ ಗ್ರಂಥಿಯನ್ನೋ ಅದರ ತುಣುಕನ್ನೋ ತೆಗೆದು, ಅದರ ಹತ್ತು ಪಟ್ಟು ಪ್ರಮಾಣದ, ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುತ್ತಾರೆ. ವಿಶೇಷ ಬಣ್ಣ ಹಾಕಿ ಬಿ ಕಣದ್ದೋ ಟಿ ಕಣದ್ದೋ ಎಂದು ಗುರುತಿಸಬಹುದು. ಬಿ ಬಗೆ ಸಾಮಾನ್ಯವಾಗಿ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಹಲವು ಔಷಧಿಗಳ ಚಿಕಿತ್ಸೆಯಿಂದ ಸುಮಾರು ಒಂದು ವರ್ಷ ನೆಮ್ಮದಿಯಾಗಿ ಬದುಕುವ ನಾಯಿಗಳುಂಟು. ಚಿಕಿತ್ಸೆಯಿಲ್ಲದೆ ಹೆಚ್ಚಿನವು ಒಂದೆರಡು ತಿಂಗಳಲ್ಲಿ ಹೋಗುತ್ತವೆ. ಪೂರ್ತಿ ವಾಸಿಯಾಗುವುದು ಅಪರೂಪ.

ಬೆಳೆಗಾರರು ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರದಿಂದಿರಬೇಕು. ಬೀರುವಿನಲ್ಲಿ ಉಳಿದ ಪ್ರೆಡ್ನಿಸೋಲೋನ್ ಮಾತ್ರೆಯನ್ನು "ಊತ ಇಳಿಯಲಿ" ಎಂದು ಕೊಡಬೇಡಿ. ಊತ ಇಳಿಯುತ್ತದೆ, ನಿಜ. ಆದರೆ ಮಾದರಿ ತೆಗೆಯುವ ಮೊದಲೇ ಕೊಟ್ಟರೆ ಪರೀಕ್ಷೆಯಲ್ಲಿ ರೋಗ ಮರೆಯಾಗಬಹುದು, ಮುಂದೆ ಕೊಡುವ ಔಷಧಿಯೂ ಸರಿಯಾಗಿ ನಾಟದೆ ಹೋಗಬಹುದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮಾತ್ರೆಯ ಪಟ್ಟಿಯನ್ನೇ ಒಯ್ದು ತೋರಿಸಿ. ಮಾದರಿಗಳನ್ನು ಪೇಟೆಗೆ ನೀವೇ ಒಯ್ಯುವುದಾದರೆ ಗಾಜಿನ ಪಟ್ಟಿಗಳನ್ನೂ ಫಾರ್ಮಲಿನ್ ಶೀಶೆಯನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಅದರ ಆವಿ ತಗುಲಿದರೆ ಪಟ್ಟಿಯ ಮೇಲಿನ ಕಣಗಳು ಕೆಡುತ್ತವೆ.