ಸರ್ಕಾರಿ ಗುತ್ತಿಗೆಯ ಅವಧಿ ವಿಸ್ತರಣೆ: ನಮ್ಮ ಹಾಲಿನ ದರಕ್ಕೇನು ಸಂಬಂಧ?



ಮುಂಡರಗಿ ಭಾಗದ ಸಂಘವೊಂದರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದರು: "ಡಾಕ್ಟರ್ ಸಾಹೇಬ್ರ, ಸಾಲಿ ಮಕ್ಕಳ ಹಾಲಿನ ಪುಡಿಗೆ ಒಂದ ದರ ಅಂದ್ರ, ಹಿಂಡಿ ರೇಟು ಏರಿದಾಗ ನಮ್ಮ ಗತಿ ಏನ್ರಿ?" ಪ್ರಶ್ನೆ ಯೋಗ್ಯವಾದುದು.

ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಯಿತು. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು. ವಾರಕ್ಕೆ 3 ದಿನ ಇದ್ದುದು ಮುಂದೆ 5 ದಿನವಾಯಿತು. ಈ ಪುಡಿಯನ್ನು ಸರ್ಕಾರವು ಕರ್ನಾಟಕ ಹಾಲು ಮಹಾಮಂಡಳದಿಂದ ನಿಗದಿತ ದರದಲ್ಲಿ ಪಡೆಯುತ್ತದೆ. 1 ಕಿಲೋ ಪುಡಿಗೆ ಸುಮಾರು 8 ಲೀಟರ್ ಆಕಳ ಹಾಲು ಬೇಕು. ಆದ್ದರಿಂದ ಹಾಲಿನ ಖರೀದಿ ದರ ಲೀಟರಿಗೆ 1 ರೂ. ಏರಿದರೆ ಪುಡಿಯ ವೆಚ್ಚ ಕಿಲೋಗೆ ಸುಮಾರು 8 ರೂ. ಏರುತ್ತದೆ.

ಅವಧಿ ವಿಸ್ತರಣೆ ಎಂದರೇನು? ಹೊಲವನ್ನು 2 ವರ್ಷಕ್ಕೆ ಲಾವಣಿ ಕೊಟ್ಟಿದ್ದೀರಿ ಎನ್ನಿ. "ಬೇಕಾದರೆ ಇನ್ನೊಂದು ವರ್ಷ ಇದೇ ದರಕ್ಕೆ ಮಾಡುತ್ತೇನೆ" ಎಂದು ಕಾಗದದಲ್ಲಿ ಬರೆಸಿಕೊಂಡಿದ್ದರೆ ಹಕ್ಕು ಅವನದು. ಊರಲ್ಲಿ ಲಾವಣಿ ಏರಿದರೂ ನೀವು ಇಲ್ಲ ಎನ್ನುವಂತಿಲ್ಲ. "ಇಬ್ಬರೂ ಒಪ್ಪಿದರೆ" ಎಂದಿದ್ದರೆ ಹೊಸ ದರ ಕೇಳಬಹುದು. ಯಾವುದೇ ಸರಬರಾಜು ಗುತ್ತಿಗೆಯಲ್ಲೂ ಇದೇ ಮಾತು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಸರಬರಾಜು ಅವಧಿ 18 ತಿಂಗಳು ಮೀರಿದರೆ ಮಾತ್ರ ದರ ಏರಿಳಿತದ ಷರತ್ತು ಹಾಕಬಹುದು. ಅದಕ್ಕಿಂತ ಕಡಿಮೆಯಿದ್ದರೆ ದರ ಸ್ಥಿರ. ರಾಜ್ಯದ ಖರೀದಿಗೆ 1999ರ ಪಾರದರ್ಶಕತಾ ಅಧಿನಿಯಮವಿದೆ.

ಹಾಗೆಂದು ಸ್ಥಿರ ದರ ಕೆಟ್ಟದ್ದಲ್ಲ. 2018ರಲ್ಲಿ ದೇಶದಲ್ಲಿ ಪುಡಿಯ ದಾಸ್ತಾನು ಮಿತಿಮೀರಿ ಬೆಲೆ ಕುಸಿಯಿತು. ಅಂಥ ಕಾಲದಲ್ಲಿ ಖಾಯಂ ಗಿರಾಕಿಯೇ ನಮ್ಮ ಆಸರೆ. ಆದರೆ ಹೆಚ್ಚು ದರ ಕೇಳಿದರೆ ಗಿರಾಕಿ ತಪ್ಪುವ ಭಯವೂ ಉಂಟು. 2023ರಲ್ಲಿ ದರ ಹೊಂದದೆ ತಿರುಪತಿಗೆ ನಂದಿನಿ ತುಪ್ಪ ಹೋಗುವುದು ನಿಂತಿತು. 2024ರಲ್ಲಿ ಮತ್ತೆ ಆರಂಭವಾಯಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಮೂರು ಮಾತು ಕೇಳಬೇಕು:

1. ಗುತ್ತಿಗೆ ಎಂದು ಮುಗಿಯುತ್ತದೆ?
2. ಮುಂದುವರಿಸುವ ಹಕ್ಕು ಯಾರದು?
3. ಮುಂದುವರಿದ ಅವಧಿಗೆ ದರ ಹಳೆಯದೋ, ಹೊಸದೋ?

ಬೇಸಿಗೆಯಲ್ಲಿ ಹಾಲು ಕಡಿಮೆ, ಮೇವು ತುಟ್ಟಿ. ಹಳೆಯ ದರದ ವಿಸ್ತರಣೆ ಆಗ ಬಂದರೆ ಪೆಟ್ಟು ಹೆಚ್ಚು. ಸುಗ್ಗಿಯಲ್ಲೇ ಕಣಿಕಿ ಬಣವೆ ಒಟ್ಟಿ, ಕತ್ತರಿಸಿ ತಿನ್ನಿಸಿರಿ. ಗುತ್ತಿಗೆಯ ದರ ನಮ್ಮ ಕೈಯಲ್ಲಿಲ್ಲ. ಲೀಟರಿಗೆ ತಗಲುವ ಖರ್ಚು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.