ಅಭ್ಯಾಸವು ನರದ ತುದಿಯಲ್ಲಿ ಮಾಡುವ ಕೆಲಸ

ಬೀದರಿನ ಚೌಬಾರಾದ ಬಳಿಯ ಓಣಿಗಳಲ್ಲಿ ಬಿದರಿ ಕೆಲಸ ನಡೆಯುವುದನ್ನು ತಾವು ನೋಡಿರಬಹುದು. ಹೊಸದಾಗಿ ಕಲಿಯಬಂದ ಹುಡುಗನ ಉಳಿ ಮೊದಮೊದಲು ಗೆರೆ ಬಿಟ್ಟು ಜಾರುತ್ತದೆ. ದಿನ ಕಳೆದಂತೆ ಅದೇ ಕೈ ಬಳ್ಳಿಯ ಸುಳಿಯನ್ನು ತಪ್ಪಿಲ್ಲದೆ ಕೊರೆಯುತ್ತದೆ. ಭಾಲ್ಕಿಯ ಬಾಲಕಿಯೊಬ್ಬಳು ಪೇಟಿಯ ಮೇಲೆ ಬೆರಳಾಡಿಸಲು ಕಲಿಯುತ್ತಾಳೆ. ಔರಾದಿನಲ್ಲಿ ಮನೆಮಾತು ಮರಾಠಿಯಾದ ಮಗುವೊಂದು ಕನ್ನಡದ ಒತ್ತಕ್ಷರಗಳನ್ನು ತಿದ್ದಿ ತಿದ್ದಿ ಕಲಿಯುತ್ತದೆ. ಹೀಗೆ ಕಲಿಯುವಾಗ ಅವರೊಳಗೆ ಬದಲಾಗುವುದಾದರೂ ಏನು?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದರ ತುದಿಗೂ ಮತ್ತೊಂದಕ್ಕೂ ನಡುವೆ ಸಾಮಾನ್ಯವಾಗಿ ಕಿರಿದಾದ ಸಂದು ಇರುತ್ತದೆ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 20 ಪಾಲಿನಷ್ಟು. ಈ ಎಡೆಯೇ ನರಸಂಧಿ. ಸುದ್ದಿ ಕಳಿಸುವ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿವೆ. ವಿದ್ಯುತ್ ಸಂಕೇತ ಬಂದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೆಲವು ಚೀಲಗಳು ಬಾಯ್ದೆರೆಯುತ್ತವೆ. ರಾಸಾಯನಿಕವು ಸಂದು ದಾಟಿ ಆಚೆಯ ಕೋಶವನ್ನು ಎಚ್ಚರಿಸುತ್ತದೆ.

ಈ ವ್ಯವಸ್ಥೆ ಎಷ್ಟು ಸೂಕ್ಷ್ಮವೆಂಬುದನ್ನು ಹಣ್ಣಿನ ನೊಣಗಳೂ ತೋರಿಸಿವೆ. ಬಿಸಿ ಏರಿದೊಡನೆ ಮರಗಟ್ಟಿ ಬೀಳುವ ನೊಣಗಳನ್ನು ಕುರಿತು ಒಬೈದ್ ಸಿದ್ದಿಖಿಯವರು ಸೀಮೂರ್ ಬೆಂಜರ್ ಅವರೊಡನೆ 1976ರಲ್ಲಿ ಬರೆದರು. ಅಂಥ ಒಂದು ತಳಿಯಲ್ಲಿ ಕೆಟ್ಟಿದ್ದುದು ಚೀಲಗಳ ಬಿಡುಗಡೆಗೆ ಬೇಕಾದ ಪ್ರೋಟೀನೆಂದು ಆಮೇಲೆ ತಿಳಿಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಈ ಸಿದ್ದಿಖಿಯವರೇ.

ಇನ್ನು ಅಭ್ಯಾಸದ ಮಾತು. ನರದ ತುದಿಯೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಹಂದರವಿದೆ. ಮನೆಯ ತೊಲೆಯಂತೆ ಅದು ಸ್ಥಿರವಲ್ಲ. ಒಂದು ಕಡೆ ಕೂಡುತ್ತ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತ ಇರುತ್ತದೆ. ಹಿಂದೆ ಕಾದಿರಿಸಿದ ಚೀಲಗಳನ್ನು ಸಿನಾಪ್ಸಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಸಂಕೇತಗಳು ಮೇಲಿಂದ ಮೇಲೆ ಬಂದಾಗ ಕ್ಯಾಲ್ಸಿಯಂ ಕಿಣ್ವವೊಂದನ್ನು ಚುರುಕುಗೊಳಿಸುತ್ತದೆ. ಆ ಕಿಣ್ವವು ಸಿನಾಪ್ಸಿನ್ನಿನ ಹಿಡಿತವನ್ನು ಸಡಿಲಿಸುತ್ತದೆ. ಚೀಲಗಳು ಮುಂದಕ್ಕೆ ಬರುತ್ತವೆ. ಸುದ್ದಿ ಪಡೆಯುವ ಕೋಶದಲ್ಲಿಯೂ ಮೊಳಕೆಯಂಥ ಪುಟ್ಟ ಉಬ್ಬುಗಳಿವೆ. ಅಲ್ಲಿ ಆಕ್ಟಿನ್ ಎಳೆಗಳು ಹೆಚ್ಚಿ, ಉಬ್ಬು ಕೆಲವೇ ನಿಮಿಷಗಳಲ್ಲಿ ದೊಡ್ಡದಾಗುತ್ತದೆ. ಮುಂದೆ ಅದೇ ಸಂಕೇತಕ್ಕೆ ಹೆಚ್ಚಿನ ಉತ್ತರ ದೊರೆಯುತ್ತದೆ.

ವೇಗವಾದ ಸಂಕೇತಮಾಲೆಯಿಂದ ಮೊಲದ ಮೆದುಳಿನ ನರಸಂಧಿಗಳು ಗಂಟೆಗಟ್ಟಲೆ ಬಲವಾಗಿ ಉಳಿಯುವುದನ್ನು ಬ್ಲಿಸ್ ಮತ್ತು ಲೋಮೋ ಎಂಬವರು 1973ರಲ್ಲಿ ಪ್ರಕಟಿಸಿದರು. ಆಕ್ಟಿನ್ ಎಳೆಗಳು ಕೂಡದಂತೆ ಔಷಧದಿಂದ ತಡೆದರೆ ಇಂಥ ಬಲ ಬಹಳ ಹೊತ್ತು ನಿಲ್ಲದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಬಿದರಿಯಲ್ಲಿ ಗೆರೆ ಕೊರೆದ ಮಾತ್ರಕ್ಕೆ ಕೆಲಸ ಮುಗಿಯಿತೆ? ಬೆಳ್ಳಿಯ ತಂತಿಯನ್ನು ಅದರಲ್ಲಿ ಬಡಿದು ಕೂರಿಸಬೇಕು. ಕಲಿಕೆಯೂ ಹಾಗೆಯೇ. ಕೇಳಿದ ಪಾಠ ಗೆರೆ ಮಾತ್ರ. ಅದು ನೆಲೆಯೂರಲು ಹಂದರವು ಮರುಕಟ್ಟಬೇಕು, ಹೊಸ ಪ್ರೋಟೀನು ತಯಾರಾಗಬೇಕು. ಅದಕ್ಕೆ ಗಂಟೆಗಳು ಬೇಕು, ನಿದ್ದೆಯೂ ಬೇಕು.

ಆದುದರಿಂದ, ನಾಲ್ಕು ದಿನ ತಪ್ಪು ಬರೆದ ಮಗುವಿಗೆ "ನಿನ್ನ ತಲೆಗೆ ಹತ್ತುವುದಿಲ್ಲ" ಎಂದು ತೀರ್ಪು ಕೊಟ್ಟುಬಿಡಬೇಡಿರಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಿಸಿ ಉರುಹೊಡೆಸುವುದಕ್ಕಿಂತ, ದಿನಕ್ಕೆ ಅರ್ಧ ಗಂಟೆ ಓದಿಸಿ ಹೊತ್ತಿಗೆ ಸರಿಯಾಗಿ ಮಲಗಿಸುವುದು ಮೇಲು. ಮರುದಿನ ಅದೇ ಪಾಠವನ್ನು ಮತ್ತೊಮ್ಮೆ ಕೇಳಿರಿ. ತಡವರಿಸಿದರೂ ಚಿಂತೆಯಿಲ್ಲ, ಒಳಗೆ ಕೆಲಸ ನಡೆದಿರುತ್ತದೆ.